ಸಸ್ತಾ ಊರು

ಭಾರದ ಬೆಂಡೋಲೆ ಜಗ್ಗಿ ಜಗ್ಗಿ ನಮ್ಮತ್ತೆಯ ಎಡಗಿವಿ ಸೀಳಿಹೋಗಿತ್ತು. ಹರಿಹರದ ಸಂತೆಯಲ್ಲಿ ಕಾಯಿಪಲ್ಲೆಯವಳು ದರ ಹೇಳಿದರೆ ಆ ಕಿವಿಯನ್ನೇ ಮುಂದೆ ಮಾಡಿ, "ಹರಿದ ಕಿವಿ ತಂಗಿ, ಕೇಳ್ಸಲ್ಲ, ಇನ್ನೊಂದ್ಸಲ ಹೇಳು" ಅನ್ನುವರು. ದರ ಇಳಿಯುವತನಕ ಕೇಳಿಸುತ್ತಿರಲಿಲ್ಲ. ಮೇಲೆ ಕೊಸರು ಹಾಕಿಸಿಕೊಳ್ಳದೆ ಚೀಲ ಎತ್ತಿದವರೂ ಅಲ್ಲ. ಹೊಸ ಸೊಸೆ ನಾನು, ನಾಚಿಕೆಯಿಂದ ದೂರ ನಿಲ್ಲುತ್ತಿದ್ದೆ.

ಅದು ಐವತ್ತರ ದಶಕದ ಕೊನೆ. ನನ್ನವರು ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಗುಮಾಸ್ತರು, ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದರು. ನನಗೆ ಕಾಲೇಜು ಓದುವ ಹುಚ್ಚು. ಕಾಲೇಜು ಇದ್ದದ್ದೂ ಅಲ್ಲೇ. ಸೊಸೆ ದಿನಾ ರೈಲು ಹತ್ತುವುದು ಮಾವನವರಿಗೆ ಸೇರದು. ಅಲ್ಲೇ ಮನೆ ಮಾಡುತ್ತೇವೆಂದರೆ ಅದೂ ಆಗದು.

"ಇಲ್ಲಿ ಸ್ವಂತ ಮನೆ ಐತೆ, ಹೊಳೆ ನೀರೈತೆ, ಹಿತ್ಲಾಗೆ ಎಮ್ಮೆ ಐತೆ. ಅಲ್ಲಿ ಕಟ್ಟಿಗೆ, ಮಜ್ಜಿಗೆ ಎಲ್ಲಾ ಕೊಂಡ್ಕಂಡೇ ತಿನ್ಬೇಕು" ಎನ್ನುವರು. ಕೊನೆಗೆ ಅತ್ತೆಗೆ, "ನೀನೇ ಹೋಗಿ ನೋಡ್ಕಂಡು ಬಾ. ಸಸ್ತಾ ಅಂದ್ರೆ ಕಳ್ಸಾನ" ಎಂದರು. ಜಿಪುಣಿ ಹೆಂಡತಿ ಏನು ಹೇಳುತ್ತಾಳೆಂದು ಅವರಿಗೆ ಗೊತ್ತಿತ್ತು. ನನ್ನ ಓದಿಗೆ ಎಳ್ಳುನೀರು ಬಿಟ್ಟಂತೆಯೇ ಎಂದುಕೊಂಡೆ.

ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ದಾವಣಗೆರೆ ಪೇಟೆಯಲ್ಲಿ ಅವರ ಕಿವಿಯಾಟ ನಡೆಯಲಿಲ್ಲ. ಕೊಸರು ಕೇಳಿದ್ದಕ್ಕೆ ಬದನೆಕಾಯಿಯವನು, "ಬೇಕಾದ್ರೆ ತಗಳ್ರಿ, ಇಲ್ಲಂದ್ರೆ ಮುಂದ್ಕೆ ಹೋಗ್ರಿ" ಅಂದ. ಒಂದು ಕೋಣೆಯ ಬಾಡಿಗೆ ಕೇಳಿ ಅತ್ತೆ ಜಗಲಿಯ ಮೇಲೆ ಕೂತೇಬಿಟ್ಟರು. ಕಾಲೇಜಿನ ಮುಂದೆ ಪುಸ್ತಕ ಹಿಡಿದ ಇಬ್ಬರು ಹುಡುಗಿಯರು ನಗುತ್ತ ಹೊರಬಂದರು. ಅತ್ತೆ ಅವರನ್ನು ನೋಡಿದರು, ನನ್ನ ಮುಖ ನೋಡಿದರು. ಹಿಂದಿರುಗುವಾಗ ಮಂಡಕ್ಕಿ ಭಟ್ಟಿಯ ಹತ್ತಿರ ನಿಂತು ಒಂದು ಚೀಲ ತುಂಬಿಸಿಕೊಂಡರು.

ಮನೆಗೆ ಬಂದು ಚೀಲವನ್ನು ಮಾವನವರ ಮುಂದಿಟ್ಟರು. "ಸಸ್ತಾ ಐತ್ರಿ ಆ ಊರು. ಇದೇ ದುಡ್ಡಿಗೆ ಇಲ್ಲಿ ಇದರರ್ಧನೂ ಬರಲ್ಲ ನೋಡ್ರಿ."

"ಮಂಡಕ್ಕಿ ತಿಂದು ಸಂಸಾರ ಮಾಡ್ತಾರೇನು?"

"ಉಳಿದಿದ್ದು ನಾ ಹೊತ್ಕಂಡು ಹೋಗ್ತೀನಿ, ಬಿಡ್ರಿ."

ಆಕೆಯ ಬಾಯಲ್ಲಿ ಸಸ್ತಾ ಎಂಬ ಮಾತನ್ನು ಮಾವನವರು ಕೇಳಿದ್ದು ಅದೇ ಮೊದಲು. ಸುಮ್ಮನೆ ನಕ್ಕು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು.

ನಾವು ದಾವಣಗೆರೆಯಲ್ಲಿ ಮನೆ ಮಾಡಿದೆವು. ನನ್ನ ಓದು ಮುಗಿಯುವತನಕ ಅತ್ತೆ ವಾರವಾರವೂ ಅಕ್ಕಿ, ಬೇಳೆ, ಮಜ್ಜಿಗೆ, ಒಲೆಗೆ ಒಂದು ಮೂಟೆ ಕುಳ್ಳು ಹೊತ್ತು ರೈಲಿಳಿದರು. ಎಷ್ಟು ಗೋಗರೆದರೂ ಊಟಕ್ಕೆ ಕೂರುತ್ತಿರಲಿಲ್ಲ. "ಉಂಡೇ ಬಂದೀನವ್ವ" ಎಂದು ಮುಂದಿನ ಗಾಡಿಗೆ ಹೊರಡುವರು. ಉಂಡು ಬಂದಿರಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು.

ನಾನು ಟೀಚರಾದ ಮೇಲೆ ಒಂದು ದಿನ ಕೈಹಿಡಿದು ಕೂರಿಸಿ ಬಡಿಸಿದೆ. ಅತ್ತೆ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಸಾರು ಚೆನ್ನಾಗಿದೆ ಎಂದರು. ಆ ಬೇಸಿಗೆಯಲ್ಲೇ ತೀರಿಹೋದರು. ನನ್ನನ್ನು ಮನುಷ್ಯಳನ್ನಾಗಿ ಮಾಡಿದವರಿಗೆ ನಾನು ಹೊಟ್ಟೆತುಂಬ ಹಾಕಿದ್ದು ಅದೊಂದೇ ಊಟ.