ಅಟ್ಟ ಸೇರಿದ ದಾಳಿಂಬೆ

ಬಿ.ಎಸ್ಸಿ. ಓದಲು ಬಿಳಿಗೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲ. ಅರ್ಧಂಬರ್ಧ ಕಲಿತದ್ದನ್ನೆಲ್ಲ ಮನೆಯವರ ತಲೆಗೆ ತುಂಬುವ ಚಟ ನನಗೆ. ಒಂದು ದಿನ ಅಜ್ಜಿಗೆ, "ದಾಳಿಂಬೆಯ ಕೆಂಪು ಬಣ್ಣದಲ್ಲೇ ಗುಣ ಇರೋದು ಕಣಜ್ಜಿ. ವಯಸ್ಸಾದ ಹೆಂಗಸರಿಗೆ ಬಾಳ ಒಳ್ಳೇದಂತೆ" ಎಂದೆ.

"ಮಂಡಿ ನೋವಿಗೂ ಆಗ್ತೈತಾ?"

"ಆಗಬೋದು" ಎಂದುಬಿಟ್ಟೆ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

ಅಜ್ಜಿಯ ಮಂಡಿ ನಮ್ಮ ಮನೆಯ ದೊಡ್ಡ ರಾಜಕೀಯ. ಮಂಡಿ ಹಿಡಿದು ಏಣಿ ಹತ್ತಲಾಗದ ಮೇಲೆ ಕೊಬ್ಬರಿ ಅಟ್ಟದ ಯಜಮಾನಿಕೆ ಅಮ್ಮನ ಕೈಗೆ ಹೋಗಿತ್ತು. ಅಟ್ಟವೇ ಹೋದ ಮೇಲೆ ಅತ್ತೆತನದಲ್ಲಿ ಉಳಿಯುವುದೇನು? ಅಜ್ಜಿ ಮತ್ತೆ ಹತ್ತಲೇಬೇಕಿತ್ತು.

ಸಂತೆಯಲ್ಲಿ ಅಜ್ಜಿ ಒಂದೊಂದೇ ದಾಳಿಂಬೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಟ್ಟು, ಒಳಗೆ ಗಡಗಡ ಎಂದರೆ ಕೊಬ್ಬರಿಯಾಯಿತು ಎನ್ನುವವರು ನಾವು. ಒಂದು ಹಣ್ಣೂ ಸದ್ದು ಮಾಡಲಿಲ್ಲ.

"ಗಿಲಕಿ ಅಲ್ಲ ಕಣಜ್ಜಿ, ಹಣ್ಣು" ಎಂದ ಅಂಗಡಿಯವನು.

"ಎಲ್ಲಾ ಹಸೀವು" ಎಂದು ಮುಖ ಸಿಂಡರಿಸುತ್ತಲೇ ಅಜ್ಜಿ ಬ್ಯಾಗು ತುಂಬಿಸಿಕೊಂಡಳು. ಮನೆಗೆ ಬಂದವಳೇ ಅಷ್ಟನ್ನೂ ಅಮ್ಮನ ಕೈಲಿ ಅಟ್ಟಕ್ಕೆ ಹಾಕಿಸಿದಳು.

"ತಿನ್ನೋಕಲ್ವಾ ತಂದಿದ್ದು, ಅತ್ತೆ?"

"ಹಸಿ ಕಾಯಿಗೆ ಏನು ಬೆಲೆ ಐತೆ? ಒಣಗಿ ಗಡಗಡ ಅಂದ್ಮೇಲೆ ತಾನೇ ಗುಣ ಬರೋದು? ನಿಂಗ್ಯಾಕೆ, ಬುಡು!"

ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಅಜ್ಜಿ ಬೆಳಗಾದರೆ ಏಣಿಯ ಬುಡದಲ್ಲಿ ನಿಂತು, "ಗಡಗಡ ಅಂತಾವಾ?" ಎನ್ನುವಳು. ಮೇಲಿನಿಂದ ಅಮ್ಮ, "ಇಲ್ಲ ಅತ್ತೆ" ಎನ್ನುವಳು. ಕೊನೆಗೆ ಅಜ್ಜಿಗೆ ಅನುಮಾನ ಹೊಕ್ಕಿತು. "ಕದ್ದು ತಿಂತಾವಳೆ ಕಣೇ ನಿಮ್ಮವ್ವ. ನೋಡು, ಅವಳ ಮಂಡಿ ಹೆಂಗೆ ಮಡಚ್ತೈತೆ!"

ಒಂದು ಮಧ್ಯಾಹ್ನ ಅಮ್ಮ ತೋಟಕ್ಕೆ ಹೋದದ್ದೇ ತಡ, ಅಜ್ಜಿ ಸೆರಗು ಸಿಕ್ಕಿಸಿ ಏಣಿಗೆ ಕಾಲಿಟ್ಟಳು. ಬೇಡ ಎಂದರೆ ಕೇಳುವ ಜೀವವೇ? ನಾನು ಕೆಳಗೆ ಏಣಿ ಹಿಡಿದು ನಿಂತೆ. ಮೆಟ್ಟಿಲಿಗೊಮ್ಮೆ ಸೊಸೆಯನ್ನು ಬೈಯುತ್ತ, ಆ ಕೋಪದಲ್ಲೇ ಅಜ್ಜಿ ಅಟ್ಟ ಮುಟ್ಟಿದಳು. ಸ್ವಲ್ಪ ಹೊತ್ತಿಗೆ ಅಟ್ಟದಿಂದ ಸಣ್ಣಗೆ ಗಡಗಡ ಸದ್ದು ಕೇಳಿಸಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅಮ್ಮ ಬಂದಾಗ ಅಜ್ಜಿ ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೈಯಲ್ಲಿ ಮರದಂತೆ ಒಣಗಿದ ದಾಳಿಂಬೆ.

"ಅಯ್ಯೋ ಅತ್ತೆ, ಹೆಂಗೆ ಹತ್ತಿದ್ರಿ?"

"ಇನ್ನೂ ಒಂದೂ ತಿಂದಿಲ್ಲ ಕಣೇ! ಅಟ್ಟದಲ್ಲಿ ಇದ್ದಿದ್ದಕ್ಕೇ ಇಷ್ಟು ಗುಣ ಕೊಟ್ಟೈತೆ" ಎಂದಳು ಅಜ್ಜಿ. ಆಮೇಲೆ ಏಣಿಯನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿ, "ಇಳಿಯೋಕೆ ಮಾತ್ರ ಒಂದು ತಿನ್ನಬೇಕು. ಮಚ್ಚು ಕೊಡು" ಎಂದಳು.