ಹಿಂದಿನ ಕಟ್ಟಡದಲ್ಲಿ ನಾನು ನೋಡಿದ್ದು

ಗಿರಿಜಕ್ಕ, ನಿಮ್ಮ ಕೈ ಮುರಿದವನು ಹೊಡೆಯುವುದನ್ನು ನಾನು ಮೊದಲೇ ನೋಡಿದ್ದೆ. ನೀವು ಆ ವೃದ್ಧಾಶ್ರಮಕ್ಕೆ ಸೇರುವ ಮುಂಚೆಯೇ. ನೋಡಿಯೂ, "ಚೆನ್ನಾಗಿದೆ, ಹೋಗಿ" ಎಂದೆ. ನೀವು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಇದನ್ನು ಬರೆಯುತ್ತಿದ್ದೇನೆ — ನೀವು ಓದಲಾರಿರಿ ಎಂಬ ಧೈರ್ಯವೂ ಇದರಲ್ಲಿ ಇದೆಯೇನೋ.

ತೊಂಬತ್ತರ ದಶಕ. ನಾನು ಶಿಕಾರಿಪುರದಲ್ಲಿ ಪತ್ರಿಕೆಯೊಂದರ ವರದಿಗಾರ, ನಿಮ್ಮ ಮನೆಯ ಮುಂದಿನ ಕೋಣೆಯ ಬಾಡಿಗೆದಾರ. ನೀವು ಹೊಲಿಗೆ ಟೀಚರಾಗಿ ನಿವೃತ್ತರಾಗಿದ್ದಿರಿ. ಮಕ್ಕಳಿರಲಿಲ್ಲ. ಮೊಣಕಾಲು ಸೋಲತೊಡಗಿತ್ತು. ಸೊರಬದ ಹೊರಗಿನ ಆ ಆಶ್ರಮದಲ್ಲಿ ಎರಡು ಕಟ್ಟಡ — ಮುಂದಿನದರಲ್ಲಿ ತಮ್ಮ ಅಡುಗೆ ತಾವೇ ಮಾಡಿಕೊಳ್ಳುವವರು, ಹಿಂದಿನದರಲ್ಲಿ ಎದ್ದು ಕೂರಲೂ ಇನ್ನೊಬ್ಬರ ಆಸರೆ ಬೇಕಾದವರು. ನಿಮಗೆ ಮುಂದಿನದರಲ್ಲಿ ಒಂದು ಕೋಣೆ ಬೇಕಿತ್ತು.

"ಹೋಗಿ ನೋಡ್ಕಂಡ್ ಬಾರೋ," ಎಂದಿರಿ. "ಊಟದ ರುಚಿ ನೋಡಬ್ಯಾಡ, ನೋಡಾಕೆ ಬಂದೋರಿಗೆ ಎಲ್ಲಾ ಕಡೆ ಚಲೋ ಊಟನೇ ಹಾಕ್ತಾರೆ. ಅಲ್ಲಿರೋರ ಮುಖ ನೋಡು."

ನೋಡಿದೆ. ಮ್ಯಾನೇಜರು ಫೋನಿಗೆಂದು ಹೋದಾಗ ಹಿಂದಿನ ಕಟ್ಟಡಕ್ಕೆ ಒಬ್ಬನೇ ನಡೆದೆ. ಅಲ್ಲಿ ಅಜ್ಜನೊಬ್ಬ ಗಂಜಿ ಚೆಲ್ಲಿಕೊಂಡಿದ್ದ. ನೋಡಿಕೊಳ್ಳುವ ಆಳು, ಗುಂಗುರು ಕೂದಲಿನವನು, ಒದ್ದೆ ಟವೆಲನ್ನು ಹಗ್ಗದಂತೆ ಹಿಂಡಿ ಅಜ್ಜನ ಮುಖಕ್ಕೆ ಬಾರಿಸಿದ. ಎರಡು ಸಲ. "ನೆಕ್ಕು, ಮುದಿಯಾ!" ಎಂದು ಕುತ್ತಿಗೆ ಹಿಡಿದು, ಮುಖವನ್ನು ಕಿಟಕಿಯ ಸರಳಿಗೆ ಅಪ್ಪಳಿಸಿದ. ಕಬ್ಬಿಣದ ಸದ್ದು ಕೋಣೆಯಲ್ಲಿ ಇನ್ನೂ ಇರುವಾಗಲೇ ಮತ್ತೊಮ್ಮೆ. ಒಂದು ಹಲ್ಲು ಗಂಜಿಯೊಳಗೆ ಬಿತ್ತು. ಉಳಿದ ಮಂಚಗಳಿಂದ ಯಾರೂ ಕೂಗಲಿಲ್ಲ.

ಮ್ಯಾನೇಜರು ಓಡಿಬಂದರು. ನಾನು ನೋಟ್‌ಬುಕ್ ತೆರೆದು — ಅವರಿಬ್ಬರೂ ಪಕ್ಕದಲ್ಲಿ ನಿಂತಿರುವಾಗಲೇ — "ಏನಾಯ್ತು, ಅಜ್ಜಾರೆ?" ಎಂದು ಕೇಳಿದೆ. ಅಜ್ಜ ಬಾಯೊಳಗಿನ ರಕ್ತ ನುಂಗಿ, ಮ್ಯಾನೇಜರ ಕಡೆ ನೋಡಿ ಹೇಳಿದ: "ಬಿದ್ದೆ."

ಅದನ್ನೇ ಬರೆದುಕೊಂಡೆ. ಪೆಟ್ಟು ತಿಂದವನೇ ಹೇಳದಿದ್ದರೆ ಬರೆಯಬಾರದು — ಪತ್ರಿಕೆಯಲ್ಲಿ ನಾನು ಕಲಿತ ಶಿಸ್ತು ಅದು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಆದರೆ ಅಂದು ನಾನು ಸುದ್ದಿಗೆ ಹೋಗಿರಲಿಲ್ಲ. ನಿಮಗಾಗಿ ಹೋಗಿದ್ದೆ. ನನ್ನ ಕಣ್ಣೇ ಕಂಡದ್ದಕ್ಕೆ ಇನ್ನೊಬ್ಬನ ಒಪ್ಪಿಗೆ ಕೇಳುತ್ತ ನಿಂತೆ.

ಮರಳಿ ಬಂದಾಗ ನೀವು ಹೊಲಿಗೆ ಯಂತ್ರದ ಮುಂದೆ ಕೂತಿದ್ದಿರಿ.

"ಹೆಂಗೈತೋ? ಪೇಪರಿಗೆ ಬರೆದಂಗೆ ಹೇಳಬ್ಯಾಡ, ನನಗೆ ಹೇಳು."

"ಚೆನ್ನಾಗಿದೆ ಅಕ್ಕ. ಮುಂದಿನ ಕೋಣೆಗಳಿಗೆ ಗಾಳಿ, ಬೆಳಕು ಎಲ್ಲ ಇದೆ."

"ಹಿಂದಿನದು?"

"ಅದು ನಿಮಗ್ಯಾಕೆ?"

ನೀವು ನಕ್ಕಿರಿ. "ಅದೂ ಖರೆ. ಅಲ್ಲಿಗೆ ಹೋಗೋ ಹೊತ್ತಿಗೆ ನಾನೆಲ್ಲಿರ್ತೀನಿ!"

ಮುಂದಿನ ಕಟ್ಟಡಕ್ಕೆ ಸೇರಿದ ನಾಲ್ಕು ತಿಂಗಳಿಗೆ ನಿಮ್ಮ ಮೊಣಕಾಲು ಪೂರ್ತಿ ಸೋತಿತು. ಹಿಂದಿನ ಕಟ್ಟಡಕ್ಕೆ ಹಾಕಿದರು. ನಾನು ನೋಡಲು ಬಂದಾಗ ನಿಮ್ಮ ಬಲಗೈ ಮಣಿಕಟ್ಟಿನ ಬಳಿ ತಿರುಗಬಾರದ ಕಡೆಗೆ ತಿರುಗಿತ್ತು, ತುಟಿ ಸೀಳಿತ್ತು. ಕೆನ್ನೆಯ ಮೇಲೆ ಹಿಂಡಿದ ಬಟ್ಟೆಯ ಎಳೆ ಎಳೆ ನೀಲಿಗಟ್ಟಿತ್ತು — ಆ ಗುರುತು ನನಗೆ ಪರಿಚಯವಿತ್ತು. ಗುಂಗುರು ಕೂದಲಿನವನು ಬಾಗಿಲಲ್ಲಿದ್ದ. ಮ್ಯಾನೇಜರು ನನ್ನ ಪಕ್ಕದಲ್ಲಿದ್ದರು. ನಾನು ಮತ್ತೆ, ಅವರೆದುರೇ, ಅದೇ ಪ್ರಶ್ನೆ ಕೇಳಿದೆ.

"ಬಿದ್ದೆ," ಎಂದಿರಿ. ನೀವು ಮ್ಯಾನೇಜರನ್ನು ನೋಡಲಿಲ್ಲ. ನನ್ನನ್ನು ನೋಡಿದಿರಿ.

ಅಂದೇ ಕಾರು ಮಾಡಿಸಿ ನಿಮ್ಮನ್ನು ಕರೆತಂದೆ. ದಾರಿಯಲ್ಲಿ, ಸೊರಬ ದಾಟಿದ ಮೇಲೆ, ಬಾಯಿ ಬಿಟ್ಟಿರಿ. ಹಾಸಿಗೆ ಒದ್ದೆಯಾಗಿತ್ತು. ಮೊದಲು ಟವೆಲು. ನೀವು ಕೈ ಅಡ್ಡ ಹಿಡಿದಿರಿ. ಆಮೇಲೆ ಬಾಗಿಲಿಗೆ ಹಾಕುವ ಅಗುಳಿ — ಆ ಕೈಯ ಮೇಲೇ, ಮೂಳೆ ಮುರಿದದ್ದು ಕೇಳಿಸುವವರೆಗೂ.

ಮರುದಿನ ಠಾಣೆಯಲ್ಲಿ ದೂರು ಬರೆಸಿದೆವು. "ಅವನು ಹೊಡೆಯೋದನ್ನ ಕಂಡವರು ಯಾರಾದ್ರೂ ಇದ್ದಾರೇನ್ರೀ?" ಎಂದು ಪೊಲೀಸರು ಕೇಳಿದರು. ನೀವು ನನ್ನ ಕಡೆ ತಿರುಗಿದಿರಿ. "ಆವತ್ತು ನೋಡಾಕೆ ಹೋಗಿದ್ಯಲ್ಲಾ, ಆಗ ಅವನು ಇದ್ನೇನೋ? ಏನಾರ ಕಂಡಿದ್ಯೇನು?"

ಹೌದು ಎಂದರೆ ಅವನು ಒಳಗೆ ಹೋಗುತ್ತಿದ್ದ. ಹೌದು ಎಂದರೆ ನಾನು ಯಾರೆಂದು ನಿಮಗೆ ಗೊತ್ತಾಗುತ್ತಿತ್ತು.

"ಇಲ್ಲ ಅಕ್ಕ," ಎಂದೆ. "ಏನೂ ಕಾಣಲಿಲ್ಲ."

ನೀವು ಎಡಗೈಯಿಂದ ನನ್ನ ಬೆನ್ನು ಸವರಿದಿರಿ. "ಬಿಡು, ನಿನಗೆ ಹೆಂಗ್ ಗೊತ್ತಾಗಬೇಕು."

ಸಾಕ್ಷಿಯಿಲ್ಲದೆ ದೂರು ಬಿದ್ದುಹೋಯಿತು. ಅವನು ಅದೇ ಕಟ್ಟಡದಲ್ಲಿ ಕೆಲಸ ಮುಂದುವರಿಸಿದ. ನಿಮ್ಮ ಬಲಗೈ ಮತ್ತೆ ಕತ್ತರಿ ಹಿಡಿಯಲಿಲ್ಲ.

ಆ ನೋಟ್‌ಬುಕ್ ಇನ್ನೂ ಇದೆ. ಅದರಲ್ಲಿ ಕೋಣೆಗಳ ಅಳತೆಯಿದೆ, ಕಿಟಕಿಗಳ ಲೆಕ್ಕವಿದೆ, ಒಂದು "ಬಿದ್ದೆ" ಇದೆ. ಅದನ್ನು ಹೇಳಿದ ಅಜ್ಜನ ಹೆಸರಿಲ್ಲ — ವರದಿಗಾರ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದು. ನಾನು ಕೇಳಿಯೇ ಇರಲಿಲ್ಲ.