ಅಪ್ಪನ ಕುಂಡದ ದೇವದಾರು

ನಮ್ಮಪ್ಪ ಲಾರಿ ಡ್ರೈವರ್. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಿಂದ ತೊಗರಿಬೇಳೆ ಹೇರಿಕೊಂಡು ಉತ್ತರದ ಕಡೆ ಹೋಗುತ್ತಿದ್ದ. ಒಮ್ಮೆ ಡೆಹ್ರಾಡೂನ್ ಕಡೆಯ ನರ್ಸರಿಯೊಂದರಿಂದ ದೇವದಾರಿನ ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಮಲಾಪುರದ ನಮ್ಮ ಮನೆಗೆ ತಂದ. ಆಕಾಶಕ್ಕೆ ಬೆಳೆಯುವ ಜಾತಿಯ ಮರವದು. ಅಪ್ಪ ಅದನ್ನು ಅಗಲವಾದ ಮಣ್ಣಿನ ಕುಂಡದಲ್ಲಿ ಮೊಳದೆತ್ತರಕ್ಕೆ ನಿಲ್ಲಿಸಿ ಬೋನ್ಸಾಯ್ ಮಾಡಿದ. ವರ್ಷಗಳು ಕಳೆದಂತೆ ಕಾಂಡ ಬಿರಿದು ಮುದುಕನ ಹಿಮ್ಮಡಿಯಂತಾಯಿತು. ಬೂದುಹಸಿರಿನ ಸೂಜಿ ಎಲೆಗಳು ಗೊಂಚಲು ಗೊಂಚಲಾಗಿ ತುಂಬಿಕೊಂಡವು. ಟೊಂಗೆಗೆ ತಾಮ್ರದ ತಂತಿ ಸುತ್ತಿ ಬಗ್ಗಿಸುವಾಗ ಅಪ್ಪ ಉಸಿರು ಬಿಗಿಹಿಡಿಯುತ್ತಿದ್ದ. ನಮ್ಮ ಕಡೆಯ ಬಿಸಿಲು ಆ ಮರಕ್ಕೆ ಆಗದು. ಬೇಸಿಗೆಯಲ್ಲಿ ಕುಂಡ ಒಳಗೆ ಬರುತ್ತಿತ್ತು, ಮನೆಯ ಒಂದೇ ಕೂಲರ್ ಅದರ ಕಡೆ ತಿರುಗುತ್ತಿತ್ತು. ನಾವು ನೆಲಕ್ಕೆ ನೀರು ಚಿಮುಕಿಸಿಕೊಂಡು ಮಲಗುತ್ತಿದ್ದೆವು.

ಅಣ್ಣ ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಅಂಗಳದಲ್ಲಿ ಅವನು ಹೊಡೆದ ಚೆಂಡು ತಗುಲಿ ಒಂದು ಟೊಂಗೆ ಮುರಿಯಿತು. ಅಪ್ಪ ಆ ತಂತಿಯನ್ನೇ ಮಡಚಿ ಅವನಿಗೆ ಹೊಡೆದ. ಬೆನ್ನಿನ ಚರ್ಮ ಸುಲಿದುಬಂತು. ಅಡ್ಡ ಬಂದ ಅವ್ವನನ್ನು ಗೋಡೆಗೆ ನೂಕಿದ. ಹಲ್ಲು ಮುರಿದು ಅವಳ ಸೀರೆ ಮೇಲೆ ರಕ್ತ ಇಳಿಯಿತು. ಆಮೇಲೆ ಕುಂಡದ ಮುಂದೆ ಕುಳಿತು, ಮರ ಮುರಿದ ಜಾಗಕ್ಕೆ ಬೆರಳ ತುದಿಯಿಂದ ಅರಿಶಿನ ಹಚ್ಚಿದ. ಅಣ್ಣನ ಬೆನ್ನಿಗೆ ಹಚ್ಚಿದವಳು ಅವ್ವ.

ತಮ್ಮ ಬಹಳ ತಡವಾಗಿ ಹುಟ್ಟಿದವನು. ಅವನಿಗೆ ಸಿಕ್ಕಿದ್ದು ಕೈ ಸೋತ ಅಪ್ಪ. ಇಬ್ಬರೂ ಕೂಡಿ ಮರಕ್ಕೆ ಕತ್ತರಿ ಆಡಿಸುತ್ತಿದ್ದರು, ನಗುತ್ತಿದ್ದರು.

ಹೋದ ವರ್ಷ ಅಪ್ಪ ತೀರಿಕೊಂಡ. ಕರ್ಮಗಳೆಲ್ಲ ಮುಗಿದ ಮರುದಿನ ಬೆಳಿಗ್ಗೆ, ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಅಣ್ಣ ಊರಿಗೆ ಹೊರಡುವ ಮೊದಲು ಹಿತ್ತಲಿಂದ ಕೊಡಲಿ ತಂದ. ನೇರ ಕುಂಡದ ಹತ್ತಿರ ಹೋದ.

"ಅಣ್ಣಾ, ಏನ್ ಮಾಡಾಕತ್ತಿ?" ತಮ್ಮ ಓಡಿ ಬಂದು ಕುಂಡವನ್ನು ತಬ್ಬಿಕೊಂಡ.

"ಸರಿ ಆಕಡಿ."

"ಅಪ್ಪನ ಕೈ ಇದರಾಗ ಅದ."

"ಅಪ್ಪನ ಕೈ ನನ್ನ ಬೆನ್ನ ಮ್ಯಾಲ ಅದ ಲೇ! ಸರಿ ಆಕಡಿ!"

ಕೊಡಲಿ ಕುಂಡದ ಅಂಚಿಗೆ ಬಿತ್ತು. ಕುಂಡ ಸಿಡಿದು ಅದರ ಚೂರು ತಮ್ಮನ ಅಂಗೈ ಸೀಳಿತು. ಅವನು ಎದ್ದವನೇ ಅಲ್ಲೇ ಬಿದ್ದಿದ್ದ ಗಿಡದ ಕತ್ತರಿಯಿಂದ ಅಣ್ಣನ ಕೆನ್ನೆಗೆ ಬಾರಿಸಿದ. ಕೊಡಲಿ ಕೈತಪ್ಪಿತು. ಇಬ್ಬರೂ ನೆಲದ ಮೇಲೆ ಉರುಳಿದರು. ಅಣ್ಣ ಅವನ ಎದೆ ಮೇಲೆ ಕುಳಿತು ಕುತ್ತಿಗೆ ಹಿಸುಕತೊಡಗಿದ. ನಾನು ಅಣ್ಣನ ಕೂದಲು ಹಿಡಿದು ಎಳೆದೆ. ಅವನ ಮೊಣಕೈ ನನ್ನ ಮೂಗಿಗೆ ಅಪ್ಪಳಿಸಿತು. ಬಾಯಿ ತುಂಬ ರಕ್ತ. ತಮ್ಮನ ಕಣ್ಣುಗುಡ್ಡೆಗಳು ಮೇಲಾದವು. ಸತ್ತೇ ಹೋದ ಅಂದುಕೊಂಡೆ.

ಅವ್ವ ಒಳಗಿನಿಂದ ಒನಕೆ ತಂದಳು. ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತದವಳು ಅಣ್ಣನ ಭುಜಕ್ಕೆ ಹೊಡೆದಳು. ಅವನು ಉರುಳಿ ಬಿದ್ದ ಮೇಲೂ ಮೊಣಕಾಲಿಗೆ ಹೊಡೆದಳು, ಮತ್ತೆ ಹೊಡೆದಳು.

"ನಿಮ್ಮಪ್ಪ ಹೋದ! ಅಂವ ಹೋದ! ಇನ್ನ ಈ ಮನ್ಯಾಗ ಯಾರೂ ಯಾರಿಗೂ ಹೊಡಿಬಾರ್ದು!" ಎಂದು ಕಿರುಚುತ್ತಲೇ ಹೊಡೆಯುತ್ತಿದ್ದಳು. ನಾನೇ ಒನಕೆ ಕಿತ್ತುಕೊಂಡೆ.

ಪಕ್ಕದ ಮನೆಯವರ ಟಂಟಂ ಆಟೋದಲ್ಲಿ ಇಬ್ಬರನ್ನೂ ಕಲಬುರಗಿಯ ಆಸ್ಪತ್ರೆಗೆ ಒಯ್ದೆ. ದಾರಿಯುದ್ದಕ್ಕೂ ರಕ್ತ ಇಳಿಯದಿರಲೆಂದು ತಮ್ಮನ ಕೈಯನ್ನು ಮೇಲೆತ್ತಿ ಹಿಡಿದು ಕುಳಿತವನು ಅಣ್ಣ. ಒಬ್ಬನ ಅಂಗೈಗೆ ಹೊಲಿಗೆಗಳು ಬಿದ್ದವು, ಇನ್ನೊಬ್ಬನ ಮೊಣಕಾಲಿಗೆ ಪ್ಲಾಸ್ಟರ್.

ನಾವು ತಿರುಗಿ ಬರುವಷ್ಟರಲ್ಲಿ ಅವ್ವ ಮರವನ್ನು ಬಕೀಟಿನ ಮಣ್ಣಿನಲ್ಲಿ ನಿಲ್ಲಿಸಿ, ಹೆದ್ದಾರಿ ಪಕ್ಕದ ನರ್ಸರಿಯವರಿಗೆ ಕೊಟ್ಟುಬಂದಿದ್ದಳು. ತಮ್ಮ ಎಷ್ಟೋ ದಿನ ಅವಳೊಂದಿಗೆ ಮಾತಾಡಲಿಲ್ಲ. ಅಣ್ಣ ಈಗ ಸ್ವಲ್ಪ ಕುಂಟುತ್ತಾನೆ. ಹಬ್ಬಕ್ಕೂ ಬರುವುದಿಲ್ಲ, ಫೋನು ಮಾತ್ರ ಮಾಡುತ್ತಾನೆ.

ಮಳೆಗಾಲ ಮುಗಿದ ಮೇಲೆ ನಾನೊಬ್ಬಳೇ ಆ ನರ್ಸರಿಗೆ ಹೋದೆ. ದೇವದಾರಿನ ಒಂದು ಮಗ್ಗುಲು ಪೂರ್ತಿ ಒಣಗಿತ್ತು. ಇನ್ನೊಂದು ಮಗ್ಗುಲಲ್ಲಿ ಎಳೆ ಸೂಜಿಗಳು ತಿಳಿಹಸಿರಾಗಿ ಮೂಡಿದ್ದವು. ಹೆದರಿಕೆಯಿಲ್ಲದೆ ಅದನ್ನು ನೋಡಿದ್ದು ಅವತ್ತೇ ಮೊದಲು. ಚೆಂದ ಇತ್ತು. ಚೆಂದ ಅನ್ನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಆದರೂ ಬಹಳ ಹೊತ್ತು ನಿಂತೆ.

ಮನೆಗೆ ಬಂದು ಹೇಳಿದೆ: "ಅವ್ವಾ, ಗಿಡ ಬದುಕ್ಯಾದ."

ಅವ್ವ ಬೇಳೆ ಹಸನು ಮಾಡುತ್ತಿದ್ದಳು. "ಬದುಕ್ಲಿ ಬಿಡು," ಅಂದಳು. "ಅದೇನ್ ಮಾಡ್ಯಾದ ಪಾಪ. ನಮ್ಮ ಮನ್ಯಾಗ ಮಾತ್ರ ಬ್ಯಾಡ."